ಬೆಲ್ ಅಂಡ್ ಸೆಬಾಸ್ಟಿಯನ್ ಕೇಳಲು ಶುರು ಮಾಡುವುದು ಎಲ್ಲಿಂದ?

ಎಲ್ಲೋ ಒಂದು ಹಾಡು ಕಿವಿಗೆ ಬಿತ್ತು. ಪಕ್ಕದಲ್ಲೇ ಕೂತು ಮೆಲ್ಲಗೆ ಕಥೆ ಹೇಳಿದ ಹಾಗೆ ಹಾಡುವ ದನಿ. ಜೊತೆಗೊಂದು ಗಿಟಾರ್, ಹಿಂದೆ ಚೆಲ್ಲೋ, ನಡುವೆ ತೇಲಿ ಬರುವ ಟ್ರಂಪೆಟ್. ಯಾರಿದು ಅಂತ ನೋಡಿದರೆ ಬೆಲ್ ಅಂಡ್ ಸೆಬಾಸ್ಟಿಯನ್, ಸ್ಕಾಟ್ಲೆಂಡಿನ ಗ್ಲಾಸ್ಗೋದ ಇಂಡೀ ಪಾಪ್ ಬ್ಯಾಂಡ್. ಇನ್ನೂ ನಾಲ್ಕು ಹಾಡು ಕೇಳೋಣ ಅಂತ ಹೆಸರು ಒತ್ತಿದರೆ 1996ರಿಂದ 2023ರವರೆಗಿನ ದೊಡ್ಡ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಆಲ್ಬಮ್‌ಗಳು, ಇಪಿಗಳು, ಸಿನಿಮಾ ಸಂಗೀತ, ಲೈವ್ ರೆಕಾರ್ಡಿಂಗ್‌ಗಳು. ಎಲ್ಲಿ ಕೈ ಹಾಕುವುದು?

ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಮೆಲುದನಿ ಇಷ್ಟಪಡುವವರಿಗೆ ಒಂದು ಬಾಗಿಲು, ಕಾಲು ಕುಣಿಸುವ ತಾಳ ಬೇಕೆನ್ನುವವರಿಗೆ ಇನ್ನೊಂದು. ಆದರೆ ಒಂದು ಮಾತನ್ನು ಯಾರು ಕೇಳಿದರೂ ಹೇಳುತ್ತೇನೆ. ಯಾವ ಆಲ್ಬಮ್‌ನಿಂದ ಬೇಕಾದರೂ ಶುರು ಮಾಡಿ, ಇಪಿಗಳನ್ನು ಮಾತ್ರ ಬಿಡಬೇಡಿ. ಇಪಿ ಅಂದರೆ ಮೂರು ನಾಲ್ಕು ಹಾಡುಗಳ ಪುಟ್ಟ ರೆಕಾರ್ಡ್. ಬಹಳಷ್ಟು ಬ್ಯಾಂಡ್‌ಗಳಲ್ಲಿ ಆಲ್ಬಮ್‌ಗೆ ಹಿಡಿಸದೆ ಉಳಿದ ಹಾಡುಗಳು ಅಲ್ಲಿಗೆ ಹೋಗುತ್ತವೆ. ಇವರಲ್ಲಿ ಹಾಗಲ್ಲ. ಇವರ ಅತಿ ಒಳ್ಳೆಯ ಹಾಡುಗಳಲ್ಲಿ ಹಲವು ಇಪಿಗಳಲ್ಲೇ ಇವೆ, ಆಲ್ಬಮ್‌ಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಾನು ಮೊದಲು ಕೇಳಿದ್ದು ಸರಿಯಾದ ರೀತಿಯಲ್ಲಿ ಅಲ್ಲ. ಆ್ಯಪ್‌ನಲ್ಲಿ ಬ್ಯಾಂಡಿನ ಹೆಸರು ಹಾಕಿ, ಹೆಚ್ಚು ಜನ ಕೇಳಿದ ಹಾಡುಗಳನ್ನು ಶಫಲ್ ಮಾಡಿಬಿಟ್ಟೆ. ಒಂದು ಹಾಡು 1996ರದ್ದು, ಸಣ್ಣ ಕೋಣೆಯಲ್ಲಿ ಹಾಡಿದಂತೆ ತೆಳ್ಳಗೆ. ಮುಂದಿನದು 2015ರದ್ದು, ಡಿಸ್ಕೋ ತಾಳ. ಅದರ ಹಿಂದೆಯೇ 2003ರ ದೊಡ್ಡ ಆರ್ಕೆಸ್ಟ್ರಾ. ಮೂರು ಬೇರೆ ಬೇರೆ ಬ್ಯಾಂಡ್ ಕೇಳಿದ ಹಾಗಾಯಿತು, ಯಾವುದೂ ಮನಸ್ಸಿಗೆ ಇಳಿಯಲಿಲ್ಲ. ಸುಮಾರು ಎರಡು ವರ್ಷ ಮತ್ತೆ ಆ ಕಡೆ ಹೋಗಲೇ ಇಲ್ಲ. ಆಮೇಲೆ ಒಂದು ರಾತ್ರಿ ಒಂದೇ ಆಲ್ಬಮ್ ಅನ್ನು ಮೊದಲಿಂದ ಕೊನೆಯವರೆಗೆ ಕೇಳಿದಾಗ ಎಲ್ಲ ಬದಲಾಯಿತು. ಆ ಎರಡು ವರ್ಷ ನಿಮಗೆ ಉಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಇದು ಗೊತ್ತಿದ್ದರೆ ಆಯ್ಕೆ ಸುಲಭ. ಹಾಡು ಬರೆದು ಹಾಡುವ ಸ್ಟುವರ್ಟ್ ಮರ್ಡಾಕ್ ಬ್ಯಾಂಡ್ ಕಟ್ಟುವ ಮುಂಚೆ ವರ್ಷಗಟ್ಟಲೆ ಕ್ರಾನಿಕ್ ಫೆಟೀಗ್ ಸಿಂಡ್ರೋಮ್, ಅಂದರೆ ವಿಶ್ರಾಂತಿ ತೆಗೆದುಕೊಂಡರೂ ಬಿಡದ ದಣಿವಿನ ಕಾಯಿಲೆಯಿಂದ ನರಳಿದವರು. ಓದು, ಕೆಲಸ ಎಲ್ಲ ನಿಂತುಹೋಗಿತ್ತು. ಮನೆಯಲ್ಲೇ ಇದ್ದುಕೊಂಡು ಪಿಯಾನೋ ಮುಂದೆ ಕೂತು ಹಾಡು ಕಟ್ಟುವುದನ್ನು ಕಲಿತರು. ಅವರ ಹಾಡುಗಳಲ್ಲಿ ಬಸ್ಸು ಹತ್ತುವವರು, ಶಾಲೆಯಲ್ಲಿ ಒಂಟಿಯಾದವರು, ಚರ್ಚಿಗೆ ಹೋಗಬೇಕೋ ಬೇಡವೋ ಅಂತ ಯೋಚಿಸುವವರು ಅಷ್ಟೊಂದು ಜನ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಕಿಟಕಿಯಲ್ಲಿ ಕೂತು ಬಹಳ ದಿನ ಊರನ್ನು ನೋಡಿದವರ ಕಣ್ಣು ಅದು.

1996ರಲ್ಲಿ ಗ್ಲಾಸ್ಗೋದ ಸ್ಟೋ ಕಾಲೇಜಿನಲ್ಲಿ ಮ್ಯೂಸಿಕ್ ಬಿಸಿನೆಸ್ ಕೋರ್ಸ್ ಒಂದಿತ್ತು. ಅಲ್ಲಿನ ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಹನಿ ಅನ್ನುವ ತಮ್ಮದೇ ಲೇಬಲ್‌ನಿಂದ ವರ್ಷಕ್ಕೊಂದು ರೆಕಾರ್ಡ್ ತರುತ್ತಿದ್ದರು. ಸಾಮಾನ್ಯವಾಗಿ ಒಂದು ಸಿಂಗಲ್, ಅಂದರೆ ಒಂದೇ ಮುಖ್ಯ ಹಾಡಿನ ರೆಕಾರ್ಡ್. ಆ ವರ್ಷ ಈ ಬ್ಯಾಂಡಿನ ಸರದಿ. ಮರ್ಡಾಕ್ ಹತ್ತಿರ ಹಾಡುಗಳು ಜಾಸ್ತಿಯೇ ಇದ್ದವು. ಹಾಗಾಗಿ ಇಡೀ ಆಲ್ಬಮ್ಮೇ ಆಯಿತು. ಅದೇ ‘ಟೈಗರ್‌ಮಿಲ್ಕ್’. ಕೆಲವೇ ದಿನಗಳಲ್ಲಿ ರೆಕಾರ್ಡ್ ಮಾಡಿ, ಬರೀ 1000 ಎಲ್‌ಪಿ ಒತ್ತಿಸಿದರು. ಅವು ಖಾಲಿಯಾದ ಮೇಲೆ ಮತ್ತೆ ಅಂಗಡಿಗೆ ಬಂದದ್ದು 1999ರಲ್ಲಿ, ಜೀಪ್‌ಸ್ಟರ್ ಲೇಬಲ್‌ನಿಂದ. ನಡುವಿನ ಮೂರು ವರ್ಷ ಜನ ಅದನ್ನು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡು ಕೇಳುತ್ತಿದ್ದರು.

ಹೀಗಾಗಿ ಅಂದಿನ ಹೆಚ್ಚಿನ ಕೇಳುಗರಿಗೆ ಎರಡನೇ ಆಲ್ಬಮ್ ‘ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್’ ಅನ್ನುವುದೇ ಮೊದಲನೆಯದು. ಬಂದ ವರ್ಷದ ಲೆಕ್ಕದಲ್ಲಿ ಒಂದೊಂದಾಗಿ ಕೇಳಿಕೊಂಡು ಹೋಗಬೇಕು ಅನ್ನುವವರಿಗೆ ಇದನ್ನು ನೆನಪಿಸುತ್ತೇನೆ. ಆ ಕಾಲದವರೂ ಹಾಗೆ ಕೇಳಿರಲಿಲ್ಲ.

‘ಸಿನಿಸ್ಟರ್’ ಮೊದಲೋ, ‘ಟೈಗರ್‌ಮಿಲ್ಕ್’ ಮೊದಲೋ

ಎರಡೂ 1996ರವು, ಎರಡರಲ್ಲೂ ಹತ್ತು ಹಾಡು, ಎರಡೂ ಹತ್ತಿರ ಹತ್ತಿರ ನಲವತ್ತು ನಿಮಿಷ. ಆದರೂ ಕೇಳುವ ಅನುಭವ ಬೇರೆ.

‘ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್’ ನವೆಂಬರ್‌ನಲ್ಲಿ ಬಂತು. ಕವರ್ ಪೂರ್ತಿ ಕೆಂಪು ಛಾಯೆಯ ಒಂದು ಫೋಟೋ. ಒಂದೇ ಬಣ್ಣದ ಛಾಯೆಯ ಫೋಟೋ ಹಾಕುವುದು ಮುಂದೆ ಈ ಬ್ಯಾಂಡಿನ ಗುರುತೇ ಆಯಿತು. ಮೊದಲ ಹಾಡು ‘ದ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್’ ಹಾಕಿ ನೋಡಿ. ಶುರುವಿನಲ್ಲಿ ಏನೂ ಕೇಳುತ್ತಿಲ್ಲ ಅನಿಸುತ್ತದೆ. ದನಿ ಪಿಸುಮಾತಿನಷ್ಟೇ. ನೀವು ವಾಲ್ಯೂಮ್ ಏರಿಸುತ್ತೀರಿ. ಗಿಟಾರ್ ಮೆತ್ತಗೆ ನಡೆಯುತ್ತಿರುತ್ತದೆ. ಡ್ರಮ್ಸ್ ಯಾವಾಗ ಬಂತು ಅಂತ ಗೊತ್ತಾಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಪಿಯಾನೋ, ಆರ್ಗನ್ ಎಲ್ಲ ಸೇರಿಕೊಂಡು, ಕೊನೆಗೆ ಟ್ರಂಪೆಟ್ ಮೇಲೇರುವ ಹೊತ್ತಿಗೆ ಕೋಣೆಯೇ ತುಂಬಿರುತ್ತದೆ. ಈಗ ವಾಲ್ಯೂಮ್ ಇಳಿಸಬೇಕು. ನನಗೆ ಮಾತ್ರ ಇಳಿಸಲು ಮನಸ್ಸು ಬರುವುದಿಲ್ಲ.

ಇಡೀ ಆಲ್ಬಮ್ ಹೀಗೇ. ಒಂದೂ ಹಾಡು ಬಿಡಬಹುದು ಅನ್ನುವಂಥದ್ದಿಲ್ಲ. ಒಂದೇ ಮನಸ್ಥಿತಿ, ಒಂದೇ ಬೆಳಕು. ಬೇಜಾರಾದಾಗಲೂ ಕೇಳಬಹುದು, ಖುಷಿಯಲ್ಲೂ ಕೇಳಬಹುದು. ಇದಕ್ಕಿರುವ ಕೊರತೆ ಒಂದೇ. ರೆಕಾರ್ಡಿಂಗ್ ತೆಳು. ಒಳ್ಳೆ ಬೇಸ್ ಇರುವ ಸದ್ದಿಗೆ ಒಗ್ಗಿದ ಕಿವಿಗೆ ಮೊದಲ ಸಲ ಏನೋ ಕಡಿಮೆಯಾಗಿದೆ ಅನಿಸಬಹುದು. ಬ್ಯಾಂಡಿಗೂ ಹಾಗೇ ಅನಿಸಿತ್ತು. 2005ರಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಈ ಹತ್ತೂ ಹಾಡನ್ನು ಅದೇ ಕ್ರಮದಲ್ಲಿ ನುಡಿಸಿ, ಆ ಲೈವ್ ರೆಕಾರ್ಡಿಂಗನ್ನೇ ಬೇರೆಯಾಗಿ ಬಿಡುಗಡೆ ಮಾಡಿದರು. ಅದರ ಮಾತು ಕೊನೆಗೆ ಬರುತ್ತದೆ.

‘ಟೈಗರ್‌ಮಿಲ್ಕ್’ ಇನ್ನೊಂಥರ. ಇನ್ನೂ ಒಬ್ಬರಿಗೊಬ್ಬರು ಸರಿಯಾಗಿ ಪರಿಚಯವೇ ಆಗದ ಹುಡುಗರು ಸ್ಟುಡಿಯೋದಲ್ಲಿ ಸೇರಿ ನುಡಿಸಿದ್ದು ಅದು. ಆ ತಾಜಾತನ ಕೇಳುತ್ತದೆ. ಮೊದಲ ಹಾಡು ‘ದ ಸ್ಟೇಟ್ ಐ ಆಮ್ ಇನ್’ನಲ್ಲಿ ಪೀಠಿಕೆ ಅನ್ನುವುದೇ ಇಲ್ಲ. ಒತ್ತಿದ ಕೂಡಲೇ ದನಿ, ಕೂಡಲೇ ಕಥೆ. ಮುಂದೆ ಹೋದರೆ ‘ಎಲೆಕ್ಟ್ರಾನಿಕ್ ರಿನೈಸಾನ್ಸ್’ ಅನ್ನುವ ಹಾಡು ಇದ್ದಕ್ಕಿದ್ದಂತೆ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್ ಮೇಲೆ ಓಡುತ್ತದೆ. ಉಳಿದ ಹಾಡುಗಳ ಜೊತೆ ಅದು ಸೇರುವುದಿಲ್ಲ. ಆದರೆ ಹತ್ತೊಂಬತ್ತು ವರ್ಷ ಆದಮೇಲೆ ಇದೇ ಬ್ಯಾಂಡ್ ಕುಣಿಯುವ ಆಲ್ಬಮ್ ಮಾಡಿದಾಗ ಎಷ್ಟೋ ಜನ ಇದನ್ನು ನೆನೆಸಿಕೊಂಡಿರಬೇಕು.

ಎರಡರಲ್ಲಿ ಒಂದು ಅಂದರೆ ನಾನು ‘ಸಿನಿಸ್ಟರ್’ ಅನ್ನುತ್ತೇನೆ. ರಾತ್ರಿ, ಇಯರ್‌ಫೋನ್ ಹಾಕಿ, ಒಂದೇ ಸಲಕ್ಕೆ ಪೂರ್ತಿ. ಅದು ಒಗ್ಗಿದರೆ ‘ಟೈಗರ್‌ಮಿಲ್ಕ್’ ತಾನಾಗಿಯೇ ಹತ್ತಿರವಾಗುತ್ತದೆ. ಕಥೆ ಹೇಳುವ ಹಾಡುಗಳೇ ನಿಮಗೆ ಜಾಸ್ತಿ ಇಷ್ಟ ಅಂದರೆ ಮಾತ್ರ ಉಲ್ಟಾ ಮಾಡಿ.

ಇಪಿಗಳು

ನಾನು ನಿಧಾನವಾಗಿ ಹೇಳಬೇಕಾದ ಭಾಗ ಇದು.

1997ರಲ್ಲಿ ಬ್ಯಾಂಡಿನಿಂದ ಒಂದೂ ಆಲ್ಬಮ್ ಬರಲಿಲ್ಲ. ಬದಲಿಗೆ ಮೂರು ಇಪಿ ಬಂದವು: ‘ಡಾಗ್ ಆನ್ ವೀಲ್ಸ್’, ‘ಲೇಜಿ ಲೈನ್ ಪೇಂಟರ್ ಜೇನ್’, ‘3.. 6.. 9 ಸೆಕೆಂಡ್ಸ್ ಆಫ್ ಲೈಟ್’. ಒಂದೊಂದರಲ್ಲಿ ನಾಲ್ಕು ಹಾಡು, ಒಟ್ಟು ಹನ್ನೆರಡು. ಬೇರೆ ಯಾರಾದರೂ ಆಗಿದ್ದರೆ ಇವನ್ನೇ ಕೂಡಿಸಿ ಒಂದು ಆಲ್ಬಮ್ ಮಾಡಿಬಿಡುತ್ತಿದ್ದರು. ಇವರು ನಾಲ್ಕು ನಾಲ್ಕಾಗಿ ಕೊಟ್ಟರು. ಕೊಂಡವರು ತಿಂಗಳುಗಟ್ಟಲೆ ಆ ನಾಲ್ಕನ್ನೇ ಕೇಳಿದರು. ಪ್ರತಿ ಇಪಿಗೂ ತನ್ನದೇ ಒಂದು ಹವೆ ಇರುವುದು ಅದಕ್ಕೇ.

‘ಲೇಜಿ ಲೈನ್ ಪೇಂಟರ್ ಜೇನ್’ ಹಾಡನ್ನೇ ತೆಗೆದುಕೊಳ್ಳಿ. ಸುಮಾರು ಆರು ನಿಮಿಷದ ಹಾಡು. ಮರ್ಡಾಕ್ ಎಂದಿನಂತೆ ಮೆಲ್ಲಗೆ ಶುರು ಮಾಡುತ್ತಾರೆ. ಆಮೇಲೆ ಅತಿಥಿ ಗಾಯಕಿ ಮೋನಿಕಾ ಕ್ವೀನ್ ಬರುತ್ತಾರೆ. ಅವರದು ತುಂಬು ಕಂಠ, ಕೊಠಡಿಯ ಗೋಡೆ ಮುಟ್ಟುವ ದನಿ. ಸಣ್ಣ ದನಿಯ ಪಕ್ಕ ಆ ದೊಡ್ಡ ದನಿ ನಿಂತಾಗ ಹಾಡಿಗೆ ಬೇರೆಯೇ ಎತ್ತರ ಬರುತ್ತದೆ. ಮಾತು ಮುಗಿದ ಮೇಲೂ ಹಾಡು ಮುಗಿಯುವುದಿಲ್ಲ. ಆರ್ಗನ್, ಗಿಟಾರ್, ಡ್ರಮ್ಸ್ ಒಂದನ್ನೊಂದು ತಳ್ಳುತ್ತಾ ಏರುತ್ತಲೇ ಹೋಗುತ್ತವೆ. ಬ್ರಿಟನ್ನಿನ ಚಾರ್ಟ್‌ನಲ್ಲಿ ಇದು 41ನೇ ಜಾಗಕ್ಕೆ ನಿಂತಿತು. ಇನ್ನೊಂದೇ ಮೆಟ್ಟಿಲು ಏರಿದ್ದರೆ ಟಾಪ್ 40. ಅದನ್ನು ಓದಿದಾಗ ನನಗೆ ಇವತ್ತಿಗೂ ಬೇಸರವಾಗುತ್ತದೆ.

ಇನ್ನೊಂದು ಹೋಲಿಕೆ ನೀವೇ ಮಾಡಿ ನೋಡಿ. ‘ಟೈಗರ್‌ಮಿಲ್ಕ್’ನ ಮೊದಲ ಹಾಡು ಅಂತ ಹೇಳಿದೆನಲ್ಲ, ಅದರ ಹಳೆಯ ಡೆಮೊ ‘ಡಾಗ್ ಆನ್ ವೀಲ್ಸ್’ ಇಪಿಯಲ್ಲಿದೆ. ಬ್ಯಾಂಡ್ ಪೂರ್ತಿಯಾಗಿ ಕೂಡುವ ಮುಂಚಿನದು. ಮೊದಲು ಡೆಮೊ, ಹಿಂದೆಯೇ ಆಲ್ಬಮ್‌ನದು ಕೇಳಿ. ಅದೇ ಪದ, ಅದೇ ರಾಗ. ಡೆಮೊದಲ್ಲಿ ಒಬ್ಬರು ತಮ್ಮ ಪಾಡಿಗೆ ತಾವು ಹಾಡಿಕೊಂಡ ಹಾಗಿದೆ. ಆಲ್ಬಮ್‌ನಲ್ಲಿ ಅದೇ ಕಥೆಗೆ ಸುತ್ತಲೂ ಗೆಳೆಯರು ಬಂದು ಕೂತಿದ್ದಾರೆ. ಒಂದು ಬ್ಯಾಂಡ್ ಹುಟ್ಟುವುದು ಅಂದರೇನು ಅಂತ ಹತ್ತು ನಿಮಿಷದಲ್ಲಿ ಕಿವಿಗೆ ಗೊತ್ತಾಗುತ್ತದೆ.

ಈ ಇಪಿಗಳನ್ನೆಲ್ಲ ಬಿಡಿಬಿಡಿಯಾಗಿ ಹುಡುಕಬೇಕಾಗಿಲ್ಲ. 2005ರಲ್ಲಿ ‘ಪುಶ್ ಬಾರ್‌ಮನ್ ಟು ಓಪನ್ ಓಲ್ಡ್ ವೂಂಡ್ಸ್’ ಅನ್ನುವ ಸಂಗ್ರಹ ಬಂತು. 1997ರಿಂದ 2001ರವರೆಗಿನ ಏಳು ಇಪಿ ಮತ್ತು ಸಿಂಗಲ್‌ಗಳು, ಎರಡು ಡಿಸ್ಕ್, 25 ಹಾಡು. ಬಂದ ಕ್ರಮದಲ್ಲೇ ಜೋಡಿಸಿದ್ದಾರೆ. ಹಾಗಾದರೆ ಸಂಗ್ರಹ ಒಳ್ಳೆಯದೋ, ಬಿಡಿ ಇಪಿಗಳೋ? ಕೊಳ್ಳುವುದಾದರೆ ಸಂಗ್ರಹ. ಕೇಳುವುದಾದರೆ ಮಾತ್ರ ನಾಲ್ಕು ಹಾಡಿಗೆ ನಿಲ್ಲಿಸಿ. 25 ಹಾಡು ಒಂದೇ ಉಸಿರಿಗೆ ಕೇಳಿದರೆ ಒಂದರ ಮೇಲೊಂದು ಬಿದ್ದು ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೊದಲ ನಾಲ್ಕು ಒಂದು ದಿನ, ಮುಂದಿನ ನಾಲ್ಕು ಇನ್ನೊಂದು ದಿನ. ಅವು ಹುಟ್ಟಿದ್ದೇ ಹಾಗೆ ಅಲ್ವಾ?

ಕೆಲವರು ಈ ಸಂಗ್ರಹದಿಂದಲೇ ಶುರು ಮಾಡಿ ಅನ್ನುತ್ತಾರೆ. ತಪ್ಪೇನಿಲ್ಲ. ಆದರೂ ‘ಸಿನಿಸ್ಟರ್’ ಕೇಳಿ ಆ ದನಿಯ ಪರಿಚಯವಾದ ಮೇಲೆ ಇಲ್ಲಿಗೆ ಬಂದರೆ ಸುಖ ಇನ್ನೂ ಜಾಸ್ತಿ. 2004ರ ‘ಬುಕ್ಸ್’ ಇಪಿ ಈ ಸಂಗ್ರಹದಲ್ಲಿಲ್ಲ. 2001ರ ನಂತರದ ಕಾಲದ ಬಿಡಿ ಹಾಡುಗಳಿಗೆ 2013ರ ‘ದ ಥರ್ಡ್ ಐ ಸೆಂಟರ್’ ಅನ್ನುವ ಇನ್ನೊಂದು ಸಂಗ್ರಹವಿದೆ. ಅದು ಅಷ್ಟು ಗಟ್ಟಿಯಲ್ಲ, ಕೊನೆಗಿಟ್ಟುಕೊಳ್ಳಿ.

‘ಆರಬ್ ಸ್ಟ್ರಾಪ್’ ಮತ್ತು ಅದರ ನಂತರ

1998ರ ‘ದ ಬಾಯ್ ವಿತ್ ದಿ ಆರಬ್ ಸ್ಟ್ರಾಪ್’, ಹಸಿರು ಕವರ್‌ನದು, ಹಲವರಿಗೆ ಅತಿ ಪ್ರೀತಿಯ ಆಲ್ಬಮ್. ಇಲ್ಲಿ ಮರ್ಡಾಕ್ ಒಬ್ಬರೇ ಹಾಡುವುದಿಲ್ಲ. ಗಿಟಾರಿನ ಸ್ಟೀವೀ ಜಾಕ್ಸನ್, ಚೆಲ್ಲೋದ ಇಸೊಬೆಲ್ ಕ್ಯಾಂಪ್‌ಬೆಲ್ ತಮ್ಮ ತಮ್ಮ ಹಾಡು ತಂದಿದ್ದಾರೆ. ಬೇಸ್‌ನ ಸ್ಟುವರ್ಟ್ ಡೇವಿಡ್ ಒಂದು ಕನಸನ್ನು ಹಾಡದೆ ಸುಮ್ನೆ ಮಾತಿನಲ್ಲೇ ಹೇಳುತ್ತಾರೆ. ಇದನ್ನು ಇಷ್ಟಪಡುವವರಿಗೆ ಇಷ್ಟವಾಗುವುದೇ ಈ ತುಂಬಿದ ಮನೆಯ ಗಲಾಟೆ. ಹೆಸರಿನ ಹಾಡಿನಲ್ಲಿ ಎಲ್ಲರೂ ಸೇರಿ ಚಪ್ಪಾಳೆ ತಟ್ಟುವುದು ಕೇಳಿದರೆ ನಗು ತಾನಾಗಿ ಬರುತ್ತದೆ. ‘ಸಿನಿಸ್ಟರ್’ನಷ್ಟು ಒಂದೇ ಹದ ಇದಕ್ಕಿಲ್ಲ. ಹಾಗಾಗಿ ಇದು ನನ್ನ ಲೆಕ್ಕದಲ್ಲಿ ಮೂರನೆಯದು, ಮೊದಲನೆಯದಲ್ಲ. 1999ರಲ್ಲಿ ಬ್ರಿಟನ್ನಿನ ಪಾಪ್ ಸಂಗೀತದ ಬ್ರಿಟ್ ಪ್ರಶಸ್ತಿಯಲ್ಲಿ ಹೊಸಬರ ವಿಭಾಗದಲ್ಲಿ ಗೆದ್ದದ್ದೂ ಇದಾದ ಮೇಲೆಯೇ.

2000ದ ‘ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್, ಯೂ ವಾಕ್ ಲೈಕ್ ಎ ಪೆಸೆಂಟ್’ನಲ್ಲಿ ಕೆಲವು ಬಹಳ ಚೆಂದದ ಹಾಡುಗಳಿವೆ, ಆಲ್ಬಮ್ ಆಗಿ ಕೂಡುವುದಿಲ್ಲ. 2002ರ ‘ಸ್ಟೋರಿಟೆಲ್ಲಿಂಗ್’ ಒಂದು ಸಿನಿಮಾಕ್ಕೆ ಮಾಡಿದ ಸಂಗೀತ. ಎರಡನ್ನೂ ಮೊದಲಿಗೆ ಮುಟ್ಟಬೇಡಿ.

ತೆಳು ದನಿ ಒಗ್ಗದವರಿಗೆ: 2003 ಅಥವಾ 2006

ಎಲ್ಲರಿಗೂ ಪಿಸುಮಾತು ಇಷ್ಟವಾಗಬೇಕು ಅಂತಿಲ್ಲ. ತಾಳ ಬೇಕು, ತುಂಬಿದ ಸದ್ದು ಬೇಕು ಅನ್ನುವವರು ಹಳೆಯ ಆಲ್ಬಮ್‌ನಿಂದ ಶುರು ಮಾಡಿದರೆ ಎರಡನೇ ಹಾಡಿಗೇ ಎದ್ದು ಹೋಗುತ್ತಾರೆ. ಅವರಿಗೆ ಎರಡು ಬಾಗಿಲಿವೆ.

ಒಂದು, 2003ರ ‘ಡಿಯರ್ ಕೆಟಾಸ್ಟ್ರೋಫಿ ವೇಟ್ರೆಸ್’. ಇಸೊಬೆಲ್ ಕ್ಯಾಂಪ್‌ಬೆಲ್ 2002ರಲ್ಲಿ ಬ್ಯಾಂಡ್ ಬಿಟ್ಟಿದ್ದರು. ಲೇಬಲ್ ಬದಲಾಗಿ ರಫ್ ಟ್ರೇಡ್ ಆಗಿತ್ತು. ನಿರ್ಮಾಪಕರಾಗಿ ಬಂದವರು ಟ್ರೆವರ್ ಹಾರ್ನ್, 1980ರ ದಶಕದ ದೊಡ್ಡ ದೊಡ್ಡ ಪಾಪ್ ಹಾಡುಗಳನ್ನು ಕೆತ್ತಿದವರು. ಕಾಲೇಜಿನ ಲೇಬಲ್‌ನಲ್ಲಿ ಹುಟ್ಟಿದ ಬ್ಯಾಂಡಿಗೂ ಅವರಿಗೂ ಏನು ಸಂಬಂಧ ಅಂತ ಅಂದು ಹಲವರು ಅಂದುಕೊಂಡರು. ಆದರೆ ಕೇಳಿದರೆ ಗೊತ್ತಾಗುತ್ತದೆ, ಹಾಡು ಹಾಳಾಗಿಲ್ಲ. ಒಂದೊಂದು ವಾದ್ಯವೂ ತೊಳೆದಿಟ್ಟ ಹಾಗೆ ಸ್ಪಷ್ಟ. ಇದು ಮುಂದಿನ ವರ್ಷ ಬ್ರಿಟನ್ನಿನ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಕೊನೆಯ ಪಟ್ಟಿಗೆ ಹೋಯಿತು. ಇದೇ ಆಲ್ಬಮ್‌ನ ‘ಪಿಯಾಟ್ಸ, ನ್ಯೂಯಾರ್ಕ್ ಕ್ಯಾಚರ್’ನಲ್ಲಿ ಬರೀ ಗಿಟಾರ್ ಮತ್ತು ದನಿ. ಅಷ್ಟು ಅಲಂಕಾರದ ನಡುವೆ ಆ ಮೂರು ನಿಮಿಷ ಹಳೆಯ ಗೆಳೆಯ ಬಾಗಿಲು ತಟ್ಟಿದ ಹಾಗೆ.

ಇನ್ನೊಂದು, 2006ರ ‘ದ ಲೈಫ್ ಪರ್ಸೂಟ್’. ಲಾಸ್ ಏಂಜಲೀಸ್‌ನಲ್ಲಿ ಟೋನಿ ಹಾಫರ್ ಜೊತೆ ಮಾಡಿದ್ದು. 1970ರ ದಶಕದ ಗ್ಲಾಮ್ ರಾಕ್, ಸೋಲ್, ಸ್ವಲ್ಪ ಫಂಕ್. ಬೇಸ್ ಮತ್ತು ಡ್ರಮ್ಸ್ ಮುಂದೆ ನಿಂತಿವೆ. ‘ಫನಿ ಲಿಟಲ್ ಫ್ರಾಗ್’ ಬ್ರಿಟನ್ನಿನಲ್ಲಿ ಇವರ ಅತಿ ಮೇಲೆ ಹೋದ ಸಿಂಗಲ್, 13ನೇ ಜಾಗ.

ಎರಡರಲ್ಲಿ? ಹೊಸಬರಿಗೆ ನಾನು ಯೋಚಿಸದೆ ‘ದ ಲೈಫ್ ಪರ್ಸೂಟ್’ ಕೊಡುತ್ತೇನೆ. ಬೆಳಿಗ್ಗೆ ಕೆಲಸ ಮಾಡುತ್ತಾ ಹಾಕಿಕೊಂಡರೂ ನಡೆಯುತ್ತದೆ. ಪೂರ್ತಿ ಗಮನ ಕೊಡಲೇಬೇಕು ಅಂತ ಕೇಳುವುದಿಲ್ಲ. ಎರಡು ಮೂರು ದಿನ ಹೀಗೆ ಓಡಿದ ಮೇಲೆ ಒಂದು ದಿನ ಸಾಹಿತ್ಯದ ಕಡೆ ಕಿವಿ ಹೋಗುತ್ತದೆ. ಕುಣಿಯುವ ರಾಗದೊಳಗೆ ಚರ್ಚಿನ ಹೊರಗೆ ನಿಂತ ಹುಡುಗಿಯಂಥವರು ಕಾಣಿಸುತ್ತಾರೆ. ಅಲ್ಲಿಂದ ಹಿಂದಕ್ಕೆ ನಡೆದು ‘ಸಿನಿಸ್ಟರ್’ಗೆ ಬನ್ನಿ. ಈಗ ಆ ಪಿಸುಮಾತು ಯಾರದು ಅಂತ ಗೊತ್ತಿರುತ್ತದೆ, ತೆಳು ಅನಿಸುವುದಿಲ್ಲ.

2010ರ ‘ರೈಟ್ ಅಬೌಟ್ ಲವ್’ ಇದೇ ನಿರ್ಮಾಪಕರದ್ದು, ಇದರ ಮುಂದೆ ಸ್ವಲ್ಪ ಸಪ್ಪೆ. 2015ರ ‘ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡಾನ್ಸ್’ ಒಂದು ಗಂಟೆಗೂ ಮೀರಿದ್ದು, ಅರ್ಧ ಡಿಸ್ಕೋ. ಉದ್ದವಾಯಿತು ಅನ್ನುವ ದೂರು ಸರಿಯೇ. ಆದರೆ ಅದರ ಮೊದಲ ಹಾಡು ‘ನೋಬಡೀಸ್ ಎಂಪೈರ್’ ಬಿಡಬಾರದು. ಮರ್ಡಾಕ್ ತಮ್ಮ ಕಾಯಿಲೆಯ ದಿನಗಳನ್ನು ಇಷ್ಟು ನೇರವಾಗಿ ಹಾಡಿದ್ದು ಅದರಲ್ಲಿಯೇ. ಹಳೆಯ ಆಲ್ಬಮ್‌ಗಳನ್ನು ಕೇಳಿದ ಮೇಲೆ ಅದನ್ನು ಕೇಳಿ. ಮೊದಲೇ ಕೇಳಿದರೆ ಬರೀ ಒಂದು ಒಳ್ಳೆಯ ಹಾಡು. ಆಮೇಲೆ ಕೇಳಿದರೆ ಗಂಟಲು ಕಟ್ಟುತ್ತದೆ.

2022ರ ‘ಎ ಬಿಟ್ ಆಫ್ ಪ್ರೀವಿಯಸ್’ ಮತ್ತು 2023ರ ‘ಲೇಟ್ ಡೆವಲಪರ್ಸ್’ ಅಣ್ಣ ತಮ್ಮಂದಿರ ಹಾಗೆ. ಕೋವಿಡ್‌ನಿಂದ ಹೊರಗೆ ಹೋಗಲಾಗದೆ ಗ್ಲಾಸ್ಗೋದಲ್ಲೇ ರೆಕಾರ್ಡ್ ಮಾಡಿದ ಹಾಡುಗಳು. ನಿರಾಳವಾಗಿವೆ, ಬೆಚ್ಚಗಿವೆ. ಬ್ಯಾಂಡ್ ಮೇಲೆ ಪ್ರೀತಿ ಹುಟ್ಟಿದ ಮೇಲೆ ಓದುವ ಕಾಗದಗಳು ಇವು.

ಲೈವ್ ರೆಕಾರ್ಡಿಂಗ್‌ಗಳಲ್ಲಿ ಯಾವುದು

ಬಾರ್ಬಿಕನ್‌ನದೋ, 2008ರ ‘ದ ಬಿಬಿಸಿ ಸೆಷನ್ಸ್’ ಓ? ‘ಸಿನಿಸ್ಟರ್’ ಹಾಡುಗಳು ಇಷ್ಟ, ರೆಕಾರ್ಡಿಂಗ್ ಮಾತ್ರ ತೆಳು ಅನಿಸಿದವರಿಗೆ ಬಾರ್ಬಿಕನ್. ಅದೇ ಹಾಡುಗಳಿಗೆ ಒಂಬತ್ತು ವರ್ಷದ ಅನುಭವದ ಕೈ ಬಂದಿದೆ. ಡ್ರಮ್ಸ್ ಗಟ್ಟಿ, ಪಿಟೀಲು ಸ್ಪಷ್ಟ. ಕಳೆದುಕೊಂಡಿದ್ದೂ ಇದೆ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನ ಆ ಅಳುಕು ಮತ್ತೆ ಸಿಗುವುದಿಲ್ಲ. ಮೊದಲು ಮೂಲ ಆಲ್ಬಮ್ ಕೇಳಿ, ಇದು ಆಮೇಲೆ.

‘ಬಿಬಿಸಿ ಸೆಷನ್ಸ್’ ಬೇರೆ ಥರ. 1996ರಿಂದ 2001ರವರೆಗೆ ರೇಡಿಯೋ ಕಾರ್ಯಕ್ರಮಗಳಿಗೆ ನುಡಿಸಿದವು. ಗೊತ್ತಿರುವ ಹಾಡುಗಳು ಇನ್ನೂ ಹಸಿಹಸಿಯಾಗಿ ಸಿಗುತ್ತವೆ. ನನ್ನನ್ನು ಕೇಳಿದರೆ ಕೊಳ್ಳಬೇಕಾದ್ದು ಇದು. ಮೊದಲ ಡಿಸ್ಕ್‌ನ ಕೊನೆಯ ನಾಲ್ಕು ಹಾಡು 2001ರಲ್ಲಿ ಬಿಬಿಸಿ ರೇಡಿಯೋದ ನಿರೂಪಕ ಜಾನ್ ಪೀಲ್ ಅವರ ಕಾರ್ಯಕ್ರಮಕ್ಕೆ ನುಡಿಸಿದವು, ಇಸೊಬೆಲ್ ಕ್ಯಾಂಪ್‌ಬೆಲ್ ಇದ್ದ ಕೊನೆಯ ಸೆಷನ್. ಇವರ ಯಾವ ಸ್ಟುಡಿಯೋ ಆಲ್ಬಮ್‌ನಲ್ಲೂ, ಯಾವ ಇಪಿಯಲ್ಲೂ ಆ ನಾಲ್ಕು ಇಲ್ಲ. ಏಳು ವರ್ಷ ಅಭಿಮಾನಿಗಳು ರೇಡಿಯೋದಿಂದ ಹಿಡಿದಿಟ್ಟುಕೊಂಡ ಟೇಪ್‌ಗಳಲ್ಲಷ್ಟೇ ಇದ್ದವು. ಉಳಿದದ್ದೆಲ್ಲ ಕೇಳಿ ಮುಗಿದ ಮೇಲೆ, ಇನ್ನೇನೂ ಹೊಸದಿಲ್ಲವಲ್ಲ ಅನಿಸಿದ ದಿನಕ್ಕೆ ಅಂತ ಆ ನಾಲ್ಕನ್ನು ಎತ್ತಿಟ್ಟುಕೊಳ್ಳಿ.